ಬಾವಲಿ ಗೇಟಿನ ಸಾಹೇಬರು

ಹೋದ ವರ್ಷದ ರಂಜಾನಿನಲ್ಲಿ ಒಂದು ಸಂಜೆ, ಬಾವಲಿಯ ಕಾಡಿನ ಮೇಲೆ ಇಳಿಯುತ್ತಿದ್ದ ಸೂರ್ಯನನ್ನು ಜಂಷೀರ್ ಒಂದೇ ಒಂದು ಫೋನ್ ಮಾಡಿ ಹತ್ತು ನಿಮಿಷ ತಡೆದು ನಿಲ್ಲಿಸಿದ. ಸೂರ್ಯ ಮೊದಲು ಒಪ್ಪಲಿಲ್ಲ. ತನಗೂ ಮೇಲಿನವರಿಗೆ ಉತ್ತರ ಹೇಳುವುದಿದೆ ಎಂದು ಗೊಣಗಿದ. ಜಂಷೀರ್ ಕನ್ನಡದಲ್ಲಿ ಎರಡು ಮಾತು ಗದರಿದ ಮೇಲೆ ಒಂದು ಮತ್ತಿಮರದ ತುದಿಗೆ ಗಲ್ಲ ಆನಿಸಿಕೊಂಡು ತೆಪ್ಪಗೆ ಕಾದ. ಅಷ್ಟರಲ್ಲಿ ಮುಸ್ಲಿಂ ವಿದ್ಯಾರ್ಥಿ ಕೂಟದ ಬಸ್ಸು ಗೇಟು ದಾಟಿತು. ಆ ಹತ್ತು ನಿಮಿಷ ಮಾನಂದವಾಡಿಯಿಂದ ಕಣ್ಣೂರಿನ ಕಡಲವರೆಗೆ, ಕೈಯಲ್ಲಿ ಖರ್ಜೂರ ಹಿಡಿದು ಮಸೀದಿಯ ಬಾಂಗಿಗೆ ಕಿವಿಗೊಟ್ಟಿದ್ದ ಜನವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಕಾರಣ ತಿಳಿಯಲಿಲ್ಲ. ಜಂಷೀರ್ ಸಂಕೋಚದ ಹುಡುಗನಾದ್ದರಿಂದ ಈ ವಿಷಯವನ್ನು ಕ್ಯಾಂಪಸ್ಸಿನ ಜನರಿಗೆಲ್ಲ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

ಬಾವಲಿ ಗೇಟು ಎಂದರೆ ಅಂಥಿಂಥ ಗೇಟಲ್ಲ. ಈ ಕಡೆ ಕೇರಳ, ಆ ಕಡೆ ಕರ್ನಾಟಕ, ಗೇಟಿನಾಚೆ ಹುಲಿ ಆನೆಗಳ ಕಾಡು. ಸಂಜೆ ಆರಕ್ಕೆ ಮುಚ್ಚಿದರೆ ಬೆಳಗಾಗುವವರೆಗೆ ಒಂದು ಸೈಕಲ್ಲನ್ನೂ ಬಿಡುವುದಿಲ್ಲ. ಜಂಷೀರನ ಮನೆ ಇರುವುದು ಆ ಕಾಡಿನಾಚೆ, ಹುಣಸೂರಿನ ಹತ್ತಿರ. ಅವನ ತಂದೆ ವಯನಾಡಿನವರು, ಶುಂಠಿ ಬೆಳೆಯಲು ಜಮೀನು ಗುತ್ತಿಗೆ ಹಿಡಿದು ಗಡಿ ದಾಟಿ ಹೋದವರು ಅಲ್ಲಿಯೇ ಮದುವೆಯಾಗಿ ನಿಂತುಬಿಟ್ಟರು. ಮನೆಯಲ್ಲಿ ಶುಂಠಿಯ ದರ ಮಾತಾಡುವಾಗಷ್ಟೇ ಮಲಯಾಳ, ಉಳಿದದ್ದಕ್ಕೆಲ್ಲ ಕನ್ನಡ. ಹೀಗೆ, ಶುಂಠಿಗೆ ಸಂಬಂಧಪಟ್ಟ ಮಲಯಾಳವೊಂದನ್ನೇ ಬಾಯಲ್ಲಿಟ್ಟುಕೊಂಡು ಜಂಷೀರ್ ಕಾಟ್ಟಿಕುಳಂ ಪಕ್ಕದ ಗುಡ್ಡದ ಮೇಲಿರುವ ವಿಶ್ವವಿದ್ಯಾಲಯಕ್ಕೆ ಓದಲು ಬಂದ.

ಬಂದ ಹೊಸತರಲ್ಲೇ ಕೂಟದವರು ಒಂದು ಸಭೆ ಕರೆದಿದ್ದರು. ಕಾರ್ಯಕ್ರಮಗಳಲ್ಲಿ ಏನೇನು ಕೆಡಬಹುದು ಎಂದು ಮೊದಲೇ ಯೋಚಿಸುವುದಕ್ಕೆ ಒಬ್ಬ ರಿಸ್ಕ್ ಆಫೀಸರ್ ಬೇಕಾಗಿತ್ತು. ಜಂಷೀರ್ ರಾತ್ರಿಯೆಲ್ಲ ಕೂತು ಅಪಾಯಗಳ ಪಟ್ಟಿ ಮಾಡಿಕೊಂಡು ಬಂದಿದ್ದ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ತನಗೆ ಬಂದ ಮಲಯಾಳದಲ್ಲಿ ಹೇಳಿದ: ಅಪಾಯದ ಪಟ್ಟಿ ನನ್ನ ಕೈಯಲ್ಲಿದೆ, ಯಾರೂ ಹೆದರಬೇಡಿ, ಈಗಲೇ ನಿಮ್ಮ ಮುಂದೆ ಬಿಡುತ್ತೇನೆ. ಮುಂದಿನ ಸಾಲಿನ ಹುಡುಗಿಯರು ಕಾಲು ಮೇಲೆತ್ತಿಕೊಂಡರು. ಹಿಂದಿನವನೊಬ್ಬ ಬಾಗಿಲ ಕಡೆ ನೋಡಿದ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ನಮ್ಮ ಪಟ್ಟಿಗೆ ಅವರು ಪಟ್ಟಿಕ ಎನ್ನುತ್ತಾರೆ. ಒಂದು 'ಕ' ಬಿಟ್ಟುಹೋದದ್ದಕ್ಕೆ ಸಭೆ ಅರ್ಧ ಗಂಟೆ ನಕ್ಕಿತು. ನಕ್ಕು ಸುಸ್ತಾದವರು ಅವನನ್ನೇ ಅವಿರೋಧವಾಗಿ ಆರಿಸಿದರು.

ಆಮೇಲೆ ಅವನು ನಡೆಸಿದ ಆಡಳಿತವನ್ನು ಕೇಳಬೇಕು. ಅವನ ಮೂಗಿನ ಕೆಳಗೆ ಹಾಯದೆ ಒಂದು ಹಂಡೆ ಬಿರಿಯಾನಿಯೂ ಇಫ್ತಾರಿನ ಪಂಕ್ತಿಗೆ ಬರಲಿಲ್ಲ. ಕೂಟದ ವಾಟ್ಸಾಪ್ ಗ್ರೂಪಿಗೆ ಬರಬಹುದಾದ ಸುಳ್ಳುಸುದ್ದಿಗಳನ್ನು ಅವು ಹುಟ್ಟುವ ಮೊದಲೇ ಅಳಿಸಿ ಹಾಕುತ್ತಿದ್ದ. ಹಾಸ್ಟೆಲಿನ ಬೇಲಿಗೆ ಆನೆಯೊಂದು ಬಂದು ನಿಂತಾಗ, ಸದಸ್ಯತ್ವ ಇಲ್ಲದವರಿಗೆ ಪ್ರವೇಶವಿಲ್ಲ ಎಂದು ಕನ್ನಡದಲ್ಲಿ ತಿಳಿಹೇಳಿ ತಿರುನೆಲ್ಲಿ ಕಡೆಗೆ ಕಳಿಸಿಕೊಟ್ಟ. ಆನೆ ಹೋಗುವಾಗ ತಲೆಯಾಡಿಸಿತು ಎಂಬುದನ್ನು ಕಂಡವನು ಅವನೊಬ್ಬನೇ. ಇವೆಲ್ಲದರ ನಡುವೆ ಯಾರೂ ಕೊಂಡಾಡದ ಕೆಲಸಗಳನ್ನೂ ಮಾಡಿದ: ಅಡುಗೆ ಶೆಡ್ಡಿನಿಂದ ಗ್ಯಾಸ್ ಸಿಲಿಂಡರನ್ನು ಹೊರಗಿಡಿಸಿದ, ನಮಾಜಿನ ಕೋಣೆಯ ಸಡಿಲ ವಯರನ್ನು ಬದಲಾಯಿಸಿದ, ಹೊಸ ಮಕ್ಕಳಿಗೆ ಜ್ವರ ಬಂದರೆ ಯಾರು ಜೊತೆಗೆ ಹೋಗಬೇಕು ಎಂದು ಸರದಿ ಹಾಕಿದ. ಆದರೆ ಅವು ಹೇಳಿಕೊಳ್ಳುವಂಥ ಸಂಗತಿಗಳಲ್ಲ. ಆನೆ ಇಲ್ಲದ ಕಥೆಯನ್ನು ಯಾರು ಕೇಳುತ್ತಾರೆ?

ಎಲ್ಲಕ್ಕಿಂತ ದೊಡ್ಡ ಕೀರ್ತಿ ಗೇಟಿನದು. ಆ ರಂಜಾನಿನ ಸಂಜೆ ಎಚ್.ಡಿ. ಕೋಟೆಯ ಕಡೆಯಿಂದ ಹಿಂದಿರುಗುವಾಗ ಬಸ್ಸು ತಡವಾಗಿತ್ತು. ಮಲಪ್ಪುರ, ಕೋಝಿಕ್ಕೋಡಿನ ಹುಡುಗರು ಉಪವಾಸದಲ್ಲಿ ಬಾಡಿ ಕೂತಿದ್ದರು. ಜಂಷೀರ್ ಡ್ರೈವರನ ಪಕ್ಕ ನಿಂತು, ಕಿವಿಗೆ ಫೋನ್ ಹಿಡಿದು, ಆ ಕಡೆಯ ಅರಣ್ಯದ ದೊಡ್ಡ ಸಾಹೇಬರ ಜೊತೆ ಕನ್ನಡದಲ್ಲಿ ಮಾತಾಡಿದ. ಗೇಟು ತೆರೆದೇ ಇತ್ತು. ಬಸ್ಸು ದಾಟಿತು. ಅಂದಿನಿಂದ ಸಾಹೇಬರ ನಂಟು ಕೂಟದ ಆಸ್ತಿಯಾಯಿತು.

ಇದರಲ್ಲಿ ಒಂದು ಸಣ್ಣ ಕೊರತೆ ಇತ್ತು. ಸಾಹೇಬರು ಇರಲಿಲ್ಲ.

ಅವತ್ತು ಅವನು ಮಾಡಿದ ಫೋನು ಯಾರಿಗೂ ತಾಗಿರಲಿಲ್ಲ. ಕಾಡಿನಲ್ಲಿ ಸಿಗ್ನಲ್ ಎಲ್ಲಿಯದು. ಆದರೆ ಇಡೀ ಬಸ್ಸು ಅವನ ಬೆನ್ನು ನೋಡುತ್ತಿತ್ತು, ಫೋನು ಕಿವಿಯಲ್ಲಿತ್ತು, ಬಾಯಿ ತಾನಾಗಿ ಶುರುಮಾಡಿತು. "ನಮಸ್ಕಾರ ಸಾಹೇಬ್ರೆ" ಎಂದ ಕೂಡಲೇ ಅವನಿಗೆ ಒಂದು ವಿಚಿತ್ರ ಸುಖವಾಯಿತು. ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಆಡಿ ಎಷ್ಟೋ ವಾರವಾಗಿತ್ತು. ಬಿಗಿಯಾದ ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಕಾಲಿಟ್ಟ ಹಾಗೆ. ಆಮೇಲೆ ಕೂಟದ ಕಚೇರಿಯಲ್ಲಿ ಆಗಾಗ ಸಾಹೇಬರಿಗೆ ಫೋನ್ ಹೋಗತೊಡಗಿತು. ಜಂಷೀರ್ ಕೈ ಎತ್ತಿದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಸ್ವಿಚ್ ಆರಿಸಿದ ಫೋನನ್ನು ಕಿವಿಗೆ ಒತ್ತಿಕೊಂಡು ಅವನು ಗಂಭೀರವಾಗಿ, ಆಗಾಗ ತಲೆಯಾಡಿಸುತ್ತ, ಬಾಯಿಗೆ ಬಂದದ್ದನ್ನು ಹೇಳುತ್ತಿದ್ದ. ಕೇಳುವವರಿಗೆ ಗೊತ್ತಿರುವ ಬಾವಲಿ, ಗೇಟು, ಪರ್ಮಿಶನ್, ಆರು ಗಂಟೆ ಎಂಬ ಮಾತುಗಳನ್ನು ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಅಲ್ಲಲ್ಲಿ ಹಾಕುತ್ತಿದ್ದ.

ಮಳೆಗಾಲದಲ್ಲಿ ಮುಫೀದ ಕಾರ್ಯದರ್ಶಿಯಾದಳು. ವೆಳ್ಳಮುಂಡದವಳು, ಅವನಿಗಿಂತ ಒಂದು ವರ್ಷ ಕಿರಿಯಳು. ಅರ್ಧ ಮಾತಿನಲ್ಲಿ ಮುಗಿಯುವುದಕ್ಕೆ ಒಂದು ಮಾತು ಖರ್ಚು ಮಾಡದವಳು. ಅವಳು ಬಂದ ಮೇಲೆ ಸಾಹೇಬರಿಗೆ ಹೋಗುವ ಫೋನುಗಳು ಹೆಚ್ಚಾದವು.

"ನಮಸ್ಕಾರ ಸಾಹೇಬ್ರೆ. ಬಾವಲಿ ಗೇಟಿನ ವಿಷಯ ಆಮೇಲೆ ಹೇಳ್ತೀನಿ, ಮೊದ್ಲು ಇದನ್ನ ಕೇಳಿ. ಹೊಸ ಸೆಕ್ರೆಟರಿ ಎದುರಿಗೇ ಕೂತಿದಾರೆ. ಸಭೆಗೆ ಎಲ್ಲರಿಗಿಂತ ಮೊದ್ಲು ಬರ್ತಾರೆ, ಬಂದು ಕಿಟಕಿ ತೆಗೀತಾರೆ. ಆ ಕಿಟಕಿ ತೆಗೆಯೋ ಸದ್ದಿಗೆ ನಾನು ಹಾಸ್ಟೆಲಿಂದ ಓಡಿ ಬರ್ತೀನಿ ಸಾಹೇಬ್ರೆ. ಹೌದು ಹೌದು, ಪರ್ಮಿಶನ್ ಇಲ್ಲ. ಅದಕ್ಕೇ ನಿಮಗೆ ಹೇಳ್ತಿರೋದು. ಬರ್ಕೋಬೇಡಿ ಮತ್ತೆ."

ಫೋನ್ ಇಟ್ಟು ಮಲಯಾಳದಲ್ಲಿ, "ಸಾಹೇಬರು ನೋಡೋಣ ಅಂದಿದ್ದಾರೆ" ಎನ್ನುತ್ತಿದ್ದ. ಮುಫೀದ ಪೆನ್ನಿನ ಹಿಂಬದಿಯನ್ನು ಕಚ್ಚಿಕೊಂಡು, "ಏನನ್ನ?" ಎಂದು ಕೇಳುತ್ತಿದ್ದಳು. "ಎಲ್ಲಾನೂ" ಎನ್ನುತ್ತಿದ್ದ ಅವನು.

ಹೀಗೆಯೇ ಕೊನೆಯವರೆಗೂ ಸಾಗುತ್ತಿತ್ತೇನೋ. ಆದರೆ ಈ ವರ್ಷ ರಂಜಾನಿನ ಪೆರ್ನಾಳು ಹಬ್ಬ ಕಳೆದ ಮೇಲೆ ಸಿನಿಮಾ ಕ್ಲಬ್ಬಿನ ಬಸ್ಸು ಗೇಟು ಮುಚ್ಚಿದ ಮೇಲೆ ಬಂದು, ಆಚೆ ಕಡೆಯೇ ಬೆಳಗಾಗುವವರೆಗೆ ನಿಲ್ಲಬೇಕಾಯಿತು. ವಿಶ್ವವಿದ್ಯಾಲಯದವರು ಎಲ್ಲ ಸಂಘಗಳಿಗೂ ಒಂದು ಸುತ್ತೋಲೆ ಕಳಿಸಿದರು. ಯಾವ ಕೆಲಸವೂ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಪ್ರತಿ ಹೊಣೆಗೂ ಎರಡು ಹೆಸರಿರಬೇಕು, ಸಂಪರ್ಕಿಸುವ ಹೊರಗಿನವರ ಹೆಸರು, ನಂಬರ್ ಬರೆದಿರಬೇಕು. ಇಲ್ಲದಿದ್ದರೆ ಪ್ರವಾಸಕ್ಕೆ ಒಪ್ಪಿಗೆ ಇಲ್ಲ, ಮುಂದಿನ ವರ್ಷ ಕೂಟಕ್ಕೆ ಮಾನ್ಯತೆಯೂ ಇಲ್ಲ. ಕೂಟ ಮೈಸೂರಿಗೆ ಹೋಗುವುದಿತ್ತು, ಅಲ್ಲಿನ ವಿದ್ಯಾರ್ಥಿಗಳ ಜೊತೆ ಒಂದು ದಿನದ ಸಮಾವೇಶಕ್ಕೆ. ಅದರ ಮರುವಾರ ಜಂಷೀರನ ಕೊನೆಯ ಪರೀಕ್ಷೆ. ಅದು ಮುಗಿದರೆ ಅವನು ಗಂಟುಮೂಟೆ ಕಟ್ಟಿ ಗೇಟಿನಾಚೆ ಹೋಗಬೇಕು, ಶುಂಠಿಯ ಮಡಿಗಳ ನಡುವೆ.

ಹುಡುಗರು ಮೈಸೂರಿನಲ್ಲಿ ಸಂಜೆಯವರೆಗೂ ಇರೋಣ ಎಂದು ಹಠ ಹಿಡಿದಿದ್ದರು. ಕಿರಿಯರೆಲ್ಲ ಅವನ ಹೆಸರಿಗೆ ಗೌರವದ 'ಕಾ' ಸೇರಿಸಿ ಕರೆಯುತ್ತಿದ್ದರು. "ಜಂಷೀರ್ಕಾ ಒಂದು ಫೋನ್ ಮಾಡಿದ್ರೆ ಮುಗೀತು, ಗೇಟು ತೆರೆದೇ ಇರುತ್ತೆ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸಮಯದ ಹಾಳೆಯನ್ನು ಹಿಗ್ಗಿಸಿಬಿಟ್ಟಿದ್ದರು. ಜಂಷೀರ್ ಆ ಹಾಳೆಯನ್ನು ಎರಡೆರಡು ಸಲ ಓದಿದ. ಬಾಯಿ ಮಾತ್ರ, "ಏಳು ಗಂಟೆಯಾದ್ರೂ ಚಿಂತೆ ಇಲ್ಲ" ಎಂದಿತು.

ಸಂಕಟವಾದಾಗಲೆಲ್ಲ ಅವನು ಗುಡ್ಡ ಇಳಿದು ಕಾಟ್ಟಿಕುಳಂ ಜಂಕ್ಷನ್ನಿಗೆ ಹೋಗುತ್ತಿದ್ದ. ಅಲ್ಲಿ ಬಸ್ಸು ನಿಲ್ಲುವ ಕಡೆ ಶಾಂತರಾಜು ಎಂಬವರ ಚಹದಂಗಡಿ. ಅವರ ಅಜ್ಜ ಸರಗೂರಿನ ಕಡೆಯಿಂದ ಬಂದು ನೆಲೆಸಿದವರು. ಅವರ ಮನೆಯಲ್ಲಿ ಇಂದಿಗೂ ಕನ್ನಡ. ಪಕ್ಕದಲ್ಲೇ ಅವರ ಹೆಂಡತಿ ವೀಣಾ ಬಟ್ಟೆ ಹೊಲಿಯುವ ಕೋಣೆ.

"ಏನಪ್ಪ, ಮಕ ಹಿಂಗ್ ಮಾಡ್ಕಂಡಿದೀಯ?" ಎಂದರು ಶಾಂತರಾಜು, ಚಹವನ್ನು ಎತ್ತರದಿಂದ ಸುರಿಯುತ್ತ. "ಯಾವ ಹುಲಿ ಜೊತೆ ಕುಸ್ತಿ ಇವತ್ತು?"

"ಹುಲಿ ಆದ್ರೆ ಪರವಾಗಿಲ್ಲ ಅಣ್ಣ. ಯೂನಿವರ್ಸಿಟಿ."

"ಅದು ಕಷ್ಟಂ."

"ನಿಮಗೆ ಯಾರಾದ್ರೂ ಫಾರೆಸ್ಟಿನ ಸಾಹೇಬ್ರು ಗೊತ್ತಾ? ಆ ಕಡೆಯೋರು?"

"ನಂಗ್ ಗೊತ್ತಿರೋದು ಒಬ್ಬ ವಾಚರ್. ಅವ್ನೂ ಹೋದ್ ತಿಂಗ್ಳು ಚಾ ಕುಡಿದು ಕಾಸ್ ಕೊಡ್ದೆ ಹೋದ." ಶಾಂತರಾಜು ಗ್ಲಾಸನ್ನು ಮುಂದಿಟ್ಟರು. "ಅಲ್ಲ, ನಿನ್ ಹತ್ರಾನೇ ಇದ್ರಲ್ಲ ಒಬ್ರು ದೊಡ್ಡೋರು. ಊರೆಲ್ಲ ಹೇಳ್ತದೆ."

"ಅವ್ರು ಸ್ವಲ್ಪ ಬಿಜಿ."

"ಇಲ್ಲದೋರು ಯಾವಾಗ್ಲೂ ಬಿಜೀನೆ ಕಣಪ್ಪ." ಅವರು ನಗಲಿಲ್ಲ. ಟವಲಿನಿಂದ ಮೇಜು ಒರೆಸುತ್ತ, "ನಿಮ್ ಸೆಕ್ರೆಟರಿ ಹುಡ್ಗಿ ನಮ್ ವೀಣಾ ಹತ್ರ ಹೊಲಿಗೆ ಕಲ್ಯಾಕ್ ಬತ್ತಳೆ. ಆರ್ ತಿಂಗ್ಳಾಯ್ತು. ಇನ್ನೂ ಒಂದ್ ಗುಂಡಿ ಹಾಕಕ್ ಬರಲ್ಲ ಅಂತಳೆ ಇವ್ಳು" ಎಂದರು.

ಜಂಷೀರನ ಕಿವಿಗೆ ಬಿದ್ದದ್ದು ಆರು ತಿಂಗಳು ಎಂಬುದಲ್ಲ, ಗುಂಡಿ ಎಂಬುದೂ ಅಲ್ಲ. ಅವಳು ಬರುತ್ತಾಳೆ ಎಂಬುದು. ಪಕ್ಕದ ಕೋಣೆಯ ಬಾಗಿಲಿನ ಪರದೆಯನ್ನೇ ನೋಡುತ್ತ ಕೂತ. ಅವಳು ಕಾಲೂರಿದ ನೆಲ, ಅವಳು ತಲೆ ತಗ್ಗಿಸಿ ದಾಟಿದ ಬಾಗಿಲು. ಇನ್ನು ಕೆಲವೇ ದಿನಗಳಲ್ಲಿ ತಾನು ಆಚೆ ಇರುತ್ತೇನೆ. ಸಂಜೆಯಾದರೆ ತನ್ನ ಊರಿಗೂ ಈ ಪರದೆಗೂ ನಡುವೆ ಒಂದು ಇಡೀ ಕಾಡು ಬಾಗಿಲು ಹಾಕಿಕೊಳ್ಳುತ್ತದೆ. ಅದನ್ನು ತೆಗೆಸುವ ಸಾಹೇಬರು ಭೂಮಿಯ ಮೇಲೆ ಎಲ್ಲೂ ಇಲ್ಲ. ಚಹ ಆರಿತು. ಅವನು ಇನ್ನೊಂದು ಹೇಳಿ, ಅದನ್ನೂ ಆರಿಸಿದ.

ಮರುದಿನ ಮಧ್ಯಾಹ್ನ ಕೂಟದ ಸಲಹೆಗಾರರಾದ ಮೊಯ್ದು ಸಾರ್ ಕಚೇರಿಗೆ ಬಂದು, ಸುತ್ತೋಲೆ ಕೇಳಿದ ಯೋಜನೆಯನ್ನು ಸಂಜೆಯೊಳಗೆ ಕೊಡಬೇಕೆಂದು ಹೇಳಿ ಹೋದರು. ಹುಡುಗರೆಲ್ಲ ಹೊರಗೆ ಜಗಲಿಯಲ್ಲಿ ಬ್ಯಾನರು ಹಾಸಿಕೊಂಡು ಬಣ್ಣ ಹಚ್ಚುತ್ತಿದ್ದರು. ಬಾಗಿಲು ತೆರೆದಿತ್ತು. ಒಳಗೆ ಮೇಜಿನ ಆ ಬದಿ ಮುಫೀದ, ಈ ಬದಿ ಜಂಷೀರ್. ಅವಳು ಮಲಯಾಳದಲ್ಲಿ ಒಂದೊಂದಾಗಿ ಓದುತ್ತ ಹೋದಳು. ಅಡುಗೆ, ಬೆಂಕಿ, ಔಷಧಿ, ಮೈಕಿನ ಅನುಮತಿ. ಎಲ್ಲಕ್ಕೂ ಎರಡೆರಡು ಹೆಸರು.

"ಬಾವಲಿ ಗೇಟು" ಎಂದಳು. "ಒಂದೇ ಹೆಸರು. ನಿಮ್ಮದು."

"ಅದಕ್ಕೆ ಇನ್ನೊಬ್ಬರು ಸಿಗಲ್ಲ. ಕನ್ನಡ ಬೇಕು. ಬರೀ ಕನ್ನಡ ಅಲ್ಲ, ಸಾಹೇಬರಿಗೆ ಹಿಡಿಸೋ ಕನ್ನಡ. ಇಡೀ ಕೇರಳದಲ್ಲಿ ಆ ಕನ್ನಡ ಇರೋದು ನನ್ನೊಬ್ಬನ ಹತ್ರ."

"ನೀವು ಮುಂದಿನ ತಿಂಗಳು ಇರಲ್ಲ."

"ಅಲ್ಲಿಂದಲೇ ನೋಡ್ಕೊಳ್ತೀನಿ. ದಿನಾ ಫೋನ್ ಮಾಡಿ. ಯಾವ ಹೊತ್ತಿಗಾದ್ರೂ ಮಾಡಿ."

ಮುಫೀದ ಪೆನ್ನು ಕಚ್ಚಲಿಲ್ಲ. "ಜಂಷೀರ್ಕಾ, ನಾನು ಈ ಹಾಳೆ ತುಂಬಿಸುವಾಗ ಒಂದು ವಿಷಯ ಗೊತ್ತಾಯ್ತು. ಕೂಟಕ್ಕೆ ಇರೋ ಅತಿ ದೊಡ್ಡ ಅಪಾಯ ಬೆಂಕಿ ಅಲ್ಲ, ಆನೆ ಅಲ್ಲ. ನೀವು."

"ಬಹಳ ಜನ ಹಾಗೆ ಹೇಳಿದಾರೆ" ಎಂದ ಜಂಷೀರ್, ಕೊರಳ ಪಟ್ಟಿ ಸರಿಮಾಡಿಕೊಳ್ಳುತ್ತ.

"ಸಾಹೇಬರ ಹೆಸರು ಹೇಳಿ. ನಂಬರ್ ಹೇಳಿ."

"ಹೆಸರು ಬರೆಯೋದು ಅವರಿಗೆ ಆಗಲ್ಲ. ದೊಡ್ಡ ಮನುಷ್ಯರು. ಅವರ ಹೆಸರನ್ನ ಕಾಗದದ ಮೇಲೆ ಬರೆದ್ರೆ ಕಾಗದ ಮೇಲೆದ್ದು ನಿಲ್ಲುತ್ತೆ."

"ಹಾಗಾದ್ರೆ ಈಗ ನನ್ನ ಮುಂದೆ ಫೋನ್ ಮಾಡಿ. ಮೈಸೂರಿಂದ ತಡವಾಗಿ ಬರ್ತೀವಿ, ಗೇಟು ತೆಗೀತಾರಾ ಅಂತ ಕೇಳಿ. ತೆಗೀತೀನಿ ಅಂದ್ರೆ ಹುಡುಗರು ಕೇಳಿದ ಸಮಯಾನೇ ಇಡ್ತೀನಿ."

ಬೇರೆ ದಾರಿ ಇರಲಿಲ್ಲ. ಜಂಷೀರ್ ಫೋನ್ ತೆಗೆದು, ಅವಳಿಗೆ ಕಾಣದ ಹಾಗೆ ಆರಿಸಿ, ಕಿವಿಗಿಟ್ಟ. ಆ ಕಡೆ ರಿಂಗಾಗುವುದನ್ನು ಕೇಳುತ್ತಿರುವವನಂತೆ ಮಾಡಿನ ಕಡೆ ನೋಡಿದ. ಹೊರಗೆ ಯಾರೋ ಬಣ್ಣದ ಡಬ್ಬಿ ಒದ್ದ ಸದ್ದಾಯಿತು.

"ನಮಸ್ಕಾರ ಸಾಹೇಬ್ರೆ" ಎಂದ ಕನ್ನಡದಲ್ಲಿ. ಯಾವಾಗಲೂ ಬರುವ ಹುರುಪು ಬರಲಿಲ್ಲ. "ಬಾವಲಿ ಗೇಟಿನ ವಿಷಯ. ಇದು ಕೊನೇ ಫೋನು ಅಂತ ಕಾಣುತ್ತೆ. ಇಲ್ಲಿ ಎಲ್ಲರೂ ಚೆನ್ನಾಗಿದಾರೆ ಸಾಹೇಬ್ರೆ, ನನ್ನನ್ನ ಚೆನ್ನಾಗೇ ನೋಡ್ಕೊಂಡ್ರು. ನನ್ನ ಸುಳ್ಳನ್ನೂ ಊಟಕ್ಕೆ ಕರೆದು ಬಡಿಸಿದ್ರು. ಪರ್ಮಿಶನ್ ಅಂದ್ರೆ... ಈಗ ಎದುರಿಗೆ ಕೂತೋರ ಹತ್ರ ಕೇಳಬೇಕಾಗಿತ್ತು. ಕೇಳಕ್ಕೆ ಮಲಯಾಳ ಸಾಲಲ್ಲ. ಕನ್ನಡದಲ್ಲಿ ಕೇಳಿದ್ರೆ ಅವ್ರಿಗೆ ಅರ್ಥ ಆಗಲ್ಲ. ಅದೇ ಧೈರ್ಯದ ಮೇಲೆ ಇಷ್ಟು ದಿನ ಮಾತಾಡಿದೆ. ಆರು ಗಂಟೆ ಅಂದ್ರೆ ಆರು ಗಂಟೆ, ಗೊತ್ತು ಸಾಹೇಬ್ರೆ. ಆದ್ರೆ ನಾನು ಆಚೆ ಹೋದ ಮೇಲೆ ಇಲ್ಲಿ ಬೆಳಿಗ್ಗೆ ಕಿಟಕಿ ತೆಗೆಯೋ ಸದ್ದು ನನಗೆ ಕೇಳಿಸಲ್ಲವಲ್ಲ, ಅದಕ್ಕೆ ಏನಾದ್ರೂ ವ್ಯವಸ್ಥೆ ಮಾಡಕ್ಕಾಗುತ್ತಾ? ಆಗಲ್ವಾ. ಸರಿ. ಇಡ್ತೀನಿ."

ಅವನು ಮಲಯಾಳಕ್ಕೆ ತಿರುಗಿ, ಸಾಹೇಬರು ಒಪ್ಪಿದರು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಫೀದ ಮಾತಾಡಿದಳು. ಒಂದೊಂದೇ ಪದವನ್ನು ಬಾವಿಯಿಂದ ಸೇದಿ ಇಟ್ಟ ಹಾಗೆ, ನಿಧಾನವಾಗಿ, ಕನ್ನಡದಲ್ಲಿ.

"ಜಂಷೀರ್ಕಾ. ಫೋನ್ ಕೆಳಗೆ ಇಡಿ. ನನಗೆ ನಿಮ್ಮ ಜೊತೆ ಸಂಸಾರ ಮಾಡಬೇಕು. ಹತ್ತು ನಿಮಿಷ."

ಆ ಕ್ಷಣದಲ್ಲಿ ಬ್ರಹ್ಮಗಿರಿ ಬೆಟ್ಟ ಎದ್ದು ಬಂದು ಕಚೇರಿಯ ಮೇಲೆ ಕೂತಿದ್ದರೂ ಜಂಷೀರನಿಗೆ ತಿಳಿಯುತ್ತಿರಲಿಲ್ಲ. ಮಲಯಾಳದಲ್ಲಿ ಸಂಸಾರ ಎಂದರೆ ಬರೀ ಮಾತುಕತೆ. ಅವನು ದಿನವೂ ನೂರು ಸಲ ಕೇಳುತ್ತಿದ್ದ ಪದ. ಮಾತಾಡಬೇಕು ಎನ್ನಲು ಹೊರಟವಳು ತನ್ನ ಭಾಷೆಯ ಪದವನ್ನೇ ಎತ್ತಿ ಕನ್ನಡದ ಸಾಲಿನಲ್ಲಿ ಕೂರಿಸಿದ್ದಳು. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕಿವಿ ಅದನ್ನು ಕನ್ನಡದಲ್ಲೇ ಕೇಳಿಸಿಕೊಂಡಿತು. ಕೈಯಲ್ಲಿದ್ದ ಫೋನು ಮೇಜಿಗೆ ಬಿತ್ತು. ಅದರ ಕಪ್ಪು ಪರದೆಯನ್ನು ಇಬ್ಬರೂ ನೋಡಿದರು.

"ಆರಿದೆ" ಎಂದಳು ಮುಫೀದ.

"ನಿಮಗೆ ಕನ್ನಡ..."

"ವೀಣಾ ಚೇಚಿ, ಅಂದ್ರೆ ವೀಣಕ್ಕ, ಕಲಿಸಿದರು. ಹೊಲಿಗೆ ಕಲಿಯೋಕೆ ಅಂತ ಮನೇಲಿ ಹೇಳಿ ಹೋದೆ." ಅವಳು ಮತ್ತೆ ಮಲಯಾಳಕ್ಕೆ ಬಂದಳು; ಕನ್ನಡದಲ್ಲಿ ಅಷ್ಟು ದೂರ ನಡೆಯುವ ಶಕ್ತಿ ಇನ್ನೂ ಇರಲಿಲ್ಲ. "ಸುತ್ತೋಲೆ ಬರೋ ಮೊದಲೇ ಅನಿಸಿತ್ತು, ಗೇಟಿಗೆ ಎರಡನೇ ಹೆಸರು ಬೇಕಲ್ಲ ಅಂತ. ನೀವು ಹೋದ ಮೇಲೆ ಸಾಹೇಬರ ಜೊತೆ ಯಾರು ಮಾತಾಡಬೇಕು ಅಂತ. ಕಲೀತಾ ಕಲೀತಾ ನಿಮ್ಮ ಫೋನು ಅರ್ಥ ಆಗೋಕೆ ಶುರುವಾಯ್ತು."

"ಎಷ್ಟು ಅರ್ಥ ಆಯ್ತು?"

"ಮೊದಮೊದಲು ಗೇಟು, ಆರು ಗಂಟೆ ಅಷ್ಟೇ. ಆಮೇಲೆ ಕಿಟಕಿ."

ಜಂಷೀರನ ಮುಖಕ್ಕೆ ಏರಿದ ರಕ್ತದಲ್ಲಿ ಹೊರಗಿನ ಬ್ಯಾನರಿಗೆಲ್ಲ ಕೆಂಪು ಹಚ್ಚಬಹುದಿತ್ತು. ಆದರೂ ಹಳೆಯ ಚಾಳಿ. "ಸಾಹೇಬರಿದ್ರು" ಎಂದ. "ಖಂಡಿತ ಇದ್ರು. ಹೋದ ವಾರ ಒಂದು ಹುಲಿ..."

"ಹುಲಿ ಸಾಹೇಬರನ್ನ ತಿಂದಿತು."

"ಪೂರ್ತಿ ಅಲ್ಲ. ಅರ್ಧ."

"ಉಳಿದರ್ಧದ ನಂಬರ್ ಕೊಡಿ."

ಅವನು ನಕ್ಕ. ಅವಳು ನಗಲಿಲ್ಲ. ಸಮಯದ ಹಾಳೆಯನ್ನು ಅವನ ಕಡೆಗೆ ತಳ್ಳಿದಳು. "ಇದರಲ್ಲಿ ನಲವತ್ತು ಜನ ಇದಾರೆ ಜಂಷೀರ್ಕಾ. ಇನ್ಸುಲಿನ್ ತಗೊಳ್ಳೋ ಹುಡುಗಿ ಒಬ್ಬಳಿದಾಳೆ, ನಿಮಗೇ ಗೊತ್ತು, ಅವಳ ಜೊತೆ ಯಾರಿರಬೇಕು ಅಂತ ಸರದಿ ಹಾಕಿದವರು ನೀವೇ. ಇವರನ್ನೆಲ್ಲ ಕಾಡಿನ ಬಾಯಲ್ಲಿ, ಆರಿಸಿದ ಫೋನಿನ ಭರವಸೆ ಮೇಲೆ ನಿಲ್ಲಿಸ್ತಿದ್ರಾ?"

ಇದಕ್ಕೆ ಅವನ ಹತ್ತಿರ ಆನೆ ಇರಲಿಲ್ಲ. ತೆರೆದ ಬಾಗಿಲಿನಿಂದ ಹೊರಗಿನ ಹುಡುಗರನ್ನು ನೋಡಿದ. ಅವರಲ್ಲಿ ಒಬ್ಬನಾದರೂ ಅವನನ್ನು ಹೊರಗಿನವನು ಎಂದು ಕಂಡದ್ದಿಲ್ಲ. ಅದಕ್ಕೆ ಸಾಹೇಬರೇ ಕಾರಣ ಎಂದು ಅವನು ಇಷ್ಟು ಕಾಲ ನಂಬಿಕೊಂಡಿದ್ದ. ಸಾಹೇಬರು ಹೋದರೆ ತಾನೂ ಹೋದ ಹಾಗೆ ಎಂದು.

"ಸಾಹೇಬರಿಲ್ಲ" ಎಂದ ಕೊನೆಗೆ. ಅವನ ಮಲಯಾಳ ಎಂದೂ ಅಷ್ಟು ಸಣ್ಣದಾಗಿ ಹೊರಬಂದಿರಲಿಲ್ಲ. "ಯಾವತ್ತೂ ಇರಲಿಲ್ಲ. ಅವತ್ತು ಸರ್ಕಾರಿ ಬಸ್ಸು ಕೆಟ್ಟು ತಡವಾಗಿತ್ತು, ಅದಕ್ಕೋಸ್ಕರ ಗೇಟು ತೆರೆದಿಟ್ಟಿದ್ರು. ನಾವು ಅದರ ಹಿಂದೆ ನುಸುಳಿದ್ವಿ. ಎಲ್ಲರೂ ನನ್ನ ಬೆನ್ನು ತಟ್ಟಿದ್ರು. ಇಲ್ಲ ಅನ್ನೋಕೆ ಆಗಲಿಲ್ಲ."

"ಸರಿ." ಅವಳು ಗೇಟಿನ ಮುಂದಿದ್ದ ಅವನ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಗೆರೆ ಎಳೆಯುವಾಗ ಕೈ ಸ್ವಲ್ಪ ತಡೆಯಿತೆಂದು ಅವನಿಗನಿಸಿತು. ಅನಿಸಿದ್ದೆಲ್ಲವನ್ನೂ ನಂಬುವ ಹಕ್ಕು ಈಗ ಅವನಿಗಿರಲಿಲ್ಲ. "ಮೈಸೂರಿಂದ ಮೂರಕ್ಕೇ ಹೊರಡ್ತೀವಿ. ತಡವಾದ್ರೆ ಗೇಟಿನ ಆಸೆ ಬಿಟ್ಟು, ಕುಟ್ಟ, ತೋಲ್ಪೆಟ್ಟಿ ಸುತ್ತಿ ಬರ್ತೀವಿ. ಅದಕ್ಕೆ ಯಾವ ಸಾಹೇಬರೂ ಬೇಡ. ಹುಡುಗರಿಗೆ ನೀವೇ ಹೇಳಬೇಕು."

"ಹೇಳ್ತೀನಿ."

"ಆನೆ ಸೇರಿಸದೆ."

"ಆನೆ ಸೇರಿಸದೆ."

ಅವಳು ಹಾಳೆಗಳನ್ನು ಜೋಡಿಸಿ ಎದ್ದಳು. ಬಾಗಿಲ ತನಕ ಹೋದವಳು ನಿಂತು, ತಿರುಗದೆಯೇ ಕೇಳಿದಳು, "ನಾನು ಹೇಳಿದ ಕನ್ನಡ ಸರಿ ಇತ್ತಾ? ಮೊದಲನೇ ಸಲ ಗಟ್ಟಿಯಾಗಿ ಮಾತಾಡಿದ್ದು."

"ಸರಿಯಾಗೇ ಇತ್ತು" ಎಂದ ಜಂಷೀರ್. ತುಂಬ ಬೇಗ ಎಂದ.

"ಹಾಗಾದ್ರೆ ಫೋನ್ ಯಾಕೆ ಬೀಳಿಸಿದ್ರಿ?"

"ಕೈ ಬೆವರಿತ್ತು."

ಈಗ ಅವಳು ತಿರುಗಿದಳು. "ಜಂಷೀರ್ಕಾ, ಸಂಜೆ ವೀಣಾ ಚೇಚಿ ಹತ್ರ ಹೋಗ್ತೀನಿ. ಇದೇ ಮಾತನ್ನ ಅವರ ಮುಂದೆ ಹೇಳಿ ನೋಡ್ತೀನಿ. ಅವರು ನಗ್ತಾರಾ?"

ಅವನು ಮೇಜಿನ ಮೇಲಿನ ಫೋನನ್ನು ನೋಡಿದ. ಎತ್ತಿ ಕಿವಿಗಿಟ್ಟುಕೊಂಡರೆ ಈಗಲೂ ಹೇಳಲು ನೂರು ಕಥೆಗಳಿದ್ದವು. ಎತ್ತಲಿಲ್ಲ.

"ನಗ್ತಾರೆ" ಎಂದ. "ಸುಳ್ಳು ಹೇಳಿದೆ. ಒಂದು ಪದ ತಪ್ಪಿತ್ತು. ನಿಮಗೆ ಸಂಸಾರ ಅಂದ್ರೆ ಮಾತಾಡೋದು. ನಮ್ಮಲ್ಲಿ ಮಾತಾಡೋದಕ್ಕೆ ಮಾತಾಡೋದು ಅಂತಲೇ ಅಂತಾರೆ. ಸಂಸಾರ ಮಾಡೋದು ಅಂದ್ರೆ, ಮದುವೆ ಆಗಿ, ಒಂದು ಮನೇಲಿ, ಒಂದು ಒಲೆ ಹಚ್ಚಿ, ಕೊನೇವರೆಗೂ ಜೊತೆಗೆ ಇರೋದು. ನೀವು ಹತ್ತು ನಿಮಿಷ ಅಂದ್ರಿ. ತಪ್ಪು ಅಂತ ಆಗಲೇ ಹೇಳಬೇಕಿತ್ತು. ಹೇಳಿದ್ರೆ ನೀವು ತಿದ್ದಿಕೊಳ್ತಿದ್ರಿ. ಅದನ್ನ ಇನ್ನೊಂದು ಸಲ ನಿಮ್ಮ ಬಾಯಲ್ಲಿ ಕೇಳಬೇಕು ಅಂತಿತ್ತು ನನಗೆ. ಅಷ್ಟೇ ನಿಜ."